ಭಾರತದ ಶಾಲೆಗಳಲ್ಲಿ ಅಗ್ನಿಸುರಕ್ಷಾ ಶಿಕ್ಷಣ: ಕೆಲವು ಚಾರಿತ್ರಿಕ ಟಿಪ್ಪಣಿಗಳು

ಆಧುನಿಕ ಭಾರತದ ಶಿಕ್ಷಣ ಚರಿತ್ರೆಯನ್ನು ಕುರಿತ ಬರವಣಿಗೆಯಲ್ಲಿ ಪಠ್ಯಕ್ರಮ, ಬೋಧನಾ ಮಾಧ್ಯಮ, ಪ್ರವೇಶಾವಕಾಶ ಮೊದಲಾದ ಪ್ರಶ್ನೆಗಳು ಪಡೆದಷ್ಟು ಗಮನವನ್ನು ಶಾಲೆಯೆಂಬ ಕಟ್ಟಡವು ಪಡೆದಿಲ್ಲ. ಆ ಕಟ್ಟಡದೊಳಗೆ ಕುಳಿತ ಮಗುವಿಗೆ ಬೆಂಕಿಯ ವಿಷಯವಾಗಿ ಏನನ್ನು, ಯಾವ ವಯಸ್ಸಿನಲ್ಲಿ ಕಲಿಸಲಾಯಿತು ಎಂಬ ಪ್ರಶ್ನೆಯಂತೂ ಸುತ್ತೋಲೆಗಳಿಗೆ ಸೇರಿದ್ದೆಂದು ಬದಿಗೆ ಸರಿದಿದೆ. ಲಭ್ಯವಿರುವ ಸಂಗತಿಗಳನ್ನು ಕಾಲಾನುಕ್ರಮದಲ್ಲಿ ಇಟ್ಟು ನೋಡಿದರೆ ಒಂದು ಅಂಶ ಎದ್ದು ಕಾಣುತ್ತದೆ. ಬೆಂಕಿಗೆ ಬಲಿಯಾದ ಮಕ್ಕಳ ವಯಸ್ಸಿಗೂ, ತದನಂತರ ಬೆಂಕಿಯ ಪಾಠವನ್ನು ನಿಗದಿಪಡಿಸಿದ ತರಗತಿಗಳಿಗೂ ತಾಳೆಯಾಗುವುದಿಲ್ಲ. ಈ ಅಂತರವನ್ನು ಗುರುತಿಸುವುದು ಪ್ರಸ್ತುತ ಟಿಪ್ಪಣಿಗಳ ಉದ್ದೇಶ.

ನಮ್ಮಲ್ಲಿ ಅಗ್ನಿಸುರಕ್ಷೆಯ ಸಾರ್ವಜನಿಕ ಪ್ರಚಾರಕ್ಕೆ ನಿಶ್ಚಿತವಾದ ಒಂದು ದಿನವಿದೆ. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ‘ಫೋರ್ಟ್ ಸ್ಟೈಕಿನ್’ ಎಂಬ ಹಡಗು ಸ್ಫೋಟಗೊಂಡಿತು. ಹತ್ತಿಯ ಹೊರೆಗಳೂ ಯುದ್ಧದ ಸ್ಫೋಟಕಗಳೂ ಒಂದೇ ಹಡಗಿನಲ್ಲಿದ್ದವು. ಬೆಂಕಿಯನ್ನು ನಂದಿಸಲು ಹೋದ 66 ಮಂದಿ ಅಗ್ನಿಶಾಮಕ ಸಿಬ್ಬಂದಿ ಮಡಿದರು. ಅವರ ಸ್ಮರಣೆಗಾಗಿ ಏಪ್ರಿಲ್ 14ನ್ನು ಅಗ್ನಿಶಾಮಕ ಸೇವಾ ದಿನವೆಂದೂ, ಅಂದಿನಿಂದ 20ರವರೆಗಿನ ಅವಧಿಯನ್ನು ಸಪ್ತಾಹವೆಂದೂ ಆಚರಿಸಲಾಗುತ್ತದೆ. ಪ್ರಾತ್ಯಕ್ಷಿಕೆ, ಕರಪತ್ರ, ಭಾಷಣಗಳು ಈ ವಾರಕ್ಕೆ ಸೇರಿದವು. ಆಚರಣೆಯ ಮೂಲ ವೀರಸ್ಮರಣೆಯಾದುದರಿಂದ ಅದರಲ್ಲಿ ಮಗುವಿನ ಪಾತ್ರ ಪ್ರೇಕ್ಷಕನದು. ಕ್ಯಾಲೆಂಡರಿನ ತೊಡಕೂ ಇದೆ. ಕರ್ನಾಟಕದ ಶಾಲೆಗಳಲ್ಲಿ ಏಪ್ರಿಲ್ 10ರ ಸುಮಾರಿಗೆ ಫಲಿತಾಂಶ ಪ್ರಕಟವಾಗಿ ಬೇಸಿಗೆ ರಜೆ ಆರಂಭವಾಗುವುದು ಬಹುಕಾಲದ ರೂಢಿ. ಸಪ್ತಾಹ ಬರುವ ಹೊತ್ತಿಗೆ ತರಗತಿಗಳು ಬರಿದಾಗಿರುತ್ತವೆ.

ಮುಂಬಯಿಯ ಪ್ರಸ್ತಾಪ ಬಂದುದರಿಂದ ಇಲ್ಲಿ ಒಂದು ಮಾತು. ಆ ನಗರದ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದವರಲ್ಲಿ ಹಗಲಿಡೀ ಹೋಟೆಲುಗಳ ಒಲೆಯ ಮುಂದೆ ದುಡಿದ ಹುಡುಗರು ಬಹಳ ಮಂದಿ. ಕಾದ ಎಣ್ಣೆ, ಸೀಮೆಎಣ್ಣೆ, ಹೊಗೆ ತುಂಬಿದ ಇಕ್ಕಟ್ಟಿನ ಅಡುಗೆಮನೆ ಇವೆಲ್ಲ ಅವರಿಗೆ ನಿತ್ಯದ ಅನುಭವ. ಈ ಶಾಲೆಗಳ ಚರಿತ್ರೆಯನ್ನು ಭಾಷಾಭಿಮಾನದ, ಸಾಮಾಜಿಕ ಏಳಿಗೆಯ ನೆಲೆಯಲ್ಲಿ ಓದಲಾಗಿದೆ. ಕೆಲಸದ ಬೆಂಕಿಯ ಅರಿವು ಪಾಠದೊಳಗೆ ಎಷ್ಟರಮಟ್ಟಿಗೆ ಬಂದಿತು ಎಂಬ ದೃಷ್ಟಿಯಿಂದ ಅವುಗಳ ಸ್ಮರಣ ಸಂಚಿಕೆಗಳನ್ನು ಮತ್ತೊಮ್ಮೆ ತೆರೆದು ನೋಡುವುದು ಅಲ್ಲಿನ ಸಂಶೋಧಕರಿಗೆ ಕಷ್ಟವಾಗಲಾರದು.

ಸ್ವಾತಂತ್ರ್ಯಾನಂತರ ಮಕ್ಕಳು ಬಹುಸಂಖ್ಯೆಯಲ್ಲಿ ಬಲಿಯಾದ ಎರಡು ದೊಡ್ಡ ಬೆಂಕಿ ದುರಂತಗಳು ತರಗತಿಯ ಹೊರಗೆ ಸಂಭವಿಸಿದವು ಎಂಬುದು ಗಮನಾರ್ಹ. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು. 1995ರ ಡಿಸೆಂಬರ್ 23ರಂದು ಹರಿಯಾಣದ ಡಬವಾಲಿಯಲ್ಲಿ ಶಾಲೆಯೊಂದರ ವಾರ್ಷಿಕೋತ್ಸವ ಕಲ್ಯಾಣಮಂಟಪವೊಂದರ ಶಾಮಿಯಾನದ ಕೆಳಗೆ ನಡೆಯುತ್ತಿದ್ದಾಗ ಬೆಂಕಿ ಹತ್ತಿ 400ಕ್ಕೂ ಹೆಚ್ಚು ಮಂದಿ ಅಸುನೀಗಿದರು. ಎರಡೂ ಕಡೆ ಹೊತ್ತಿಕೊಂಡದ್ದು ತಲೆಯ ಮೇಲಿನ ಬಟ್ಟೆ. ಆದರೂ ಸಾರ್ವಜನಿಕ ಚರ್ಚೆ ಡೇರೆ, ವಿದ್ಯುತ್ ತಂತಿ, ಪರವಾನಗಿಗಳ ಸುತ್ತ ನಡೆಯಿತು. ಶಾಲೆಯೇ ಬೆಂಕಿಯ ಸ್ಥಳವಾಗಬಹುದೆಂಬ ಆತಂಕ ಇನ್ನೂ ಮೂಡಿರಲಿಲ್ಲ.

ಈ ನಡುವೆ ಶಾಲೆಯ ಆವರಣಕ್ಕೆ ಒಲೆ ಪ್ರವೇಶಿಸಿತು. ತಮಿಳುನಾಡಿನಲ್ಲಿ ಎಂ. ಜಿ. ರಾಮಚಂದ್ರನ್ ಅವರ ಸರ್ಕಾರ 1982ರಲ್ಲಿ ಮಧ್ಯಾಹ್ನದ ಊಟದ ಯೋಜನೆಯನ್ನು ವಿಸ್ತರಿಸಿತ್ತು. 2001ರ ನವೆಂಬರ್ 28ರಂದು ಸರ್ವೋಚ್ಚ ನ್ಯಾಯಾಲಯವು ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ನೀಡಬೇಕೆಂದು ಎಲ್ಲ ರಾಜ್ಯಗಳಿಗೆ ಆದೇಶಿಸಿತು. ಕರ್ನಾಟಕದ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯ ಜಿಲ್ಲೆಗಳಿಂದ ಆರಂಭವಾಯಿತು. ಹಸಿದ ಮಕ್ಕಳ ದೃಷ್ಟಿಯಿಂದ ಇದು ಸ್ವತಂತ್ರ ಭಾರತದ ಅತ್ಯುತ್ತಮ ನಿರ್ಧಾರಗಳಲ್ಲಿ ಒಂದು. ಆದರೆ ಶಾಲೆಗೆ ಒಲೆ ಬಂದಷ್ಟು ವೇಗವಾಗಿ ಒಲೆಯನ್ನು ಕುರಿತ ಪಾಠ ಬರಲಿಲ್ಲ.

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದಲ್ಲಿ ಆದದ್ದು ಇದರ ಪರಿಣಾಮ. ಮಧ್ಯಾಹ್ನದ ಅಡುಗೆ ನಡೆಯುತ್ತಿದ್ದ ಕೋಣೆಯಿಂದ ಎದ್ದ ಬೆಂಕಿ ಶ್ರೀಕೃಷ್ಣ ಶಾಲೆಯ ಮಹಡಿಗೆ ಗರಿ ಹೊದಿಸಿದ್ದ ಮಾಡಿಗೆ ತಗುಲಿತು. ಒಂದೇ ಕಟ್ಟಡದಲ್ಲಿ ಒಂದಕ್ಕಿಂತ ಹೆಚ್ಚು ಶಾಲೆಗಳು. ಇಳಿಯಲು ಇಕ್ಕಟ್ಟಾದ ಮೆಟ್ಟಿಲು. 94 ಮಕ್ಕಳು ಸತ್ತರು, ಬಹುಮಟ್ಟಿಗೆ ಪ್ರಾಥಮಿಕ ತರಗತಿಗಳವರು. ಅಪ್ಪಣೆಯಿಲ್ಲದೆ ಬೆಂಚು ಬಿಟ್ಟು ಏಳಬಾರದೆಂಬುದು ಆ ವಯಸ್ಸಿನ ಮಗುವಿಗೆ ಶಾಲೆ ಕಲಿಸುವ ಮೊತ್ತಮೊದಲ ಪಾಠ. ಯಾವಾಗ ಅಪ್ಪಣೆಗೆ ಕಾಯದೆ ಏಳಬೇಕು ಎಂಬ ಪಾಠ ಅದಕ್ಕೆ ಜೊತೆಯಾಗಿ ಎಂದೂ ಬಂದಿರಲಿಲ್ಲ.

ಪಠ್ಯಕ್ರಮದಲ್ಲಿ ಯಾವ ಪ್ರಯತ್ನವೂ ಇರಲಿಲ್ಲವೆಂದಲ್ಲ. ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಯು 2003ರಲ್ಲಿ ಎಂಟನೆಯ ತರಗತಿಯ ಸಮಾಜ ವಿಜ್ಞಾನದಲ್ಲಿ ವಿಪತ್ತು ನಿರ್ವಹಣೆಯನ್ನು ಸೇರಿಸಿ, ಮುಂದಿನ ವರ್ಷಗಳಲ್ಲಿ ಒಂಬತ್ತು, ಹತ್ತನೆಯ ತರಗತಿಗಳಿಗೆ ವಿಸ್ತರಿಸಿತು. 2001ರ ಗುಜರಾತ್ ಭೂಕಂಪದ ನೆನಪು ಹಸಿಯಾಗಿದ್ದ ಕಾಲ ಅದು. ಕುಂಭಕೋಣದ ಮಕ್ಕಳಲ್ಲಿ ಬಹುಪಾಲಿನವರು ಎಂಟನೆಯ ತರಗತಿಯಿಂದ ಬಹು ದೂರದಲ್ಲಿದ್ದರು.

ಕುಂಭಕೋಣದ ಹಿನ್ನೆಲೆಯಲ್ಲಿ ಸಲ್ಲಿಕೆಯಾದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೇ ಅವಿನಾಶ್ ಮೆಹ್ರೋತ್ರಾ ಪ್ರಕರಣ. 2009ರ ಏಪ್ರಿಲ್ 13ರ ತೀರ್ಪಿನಲ್ಲಿ ನ್ಯಾಯಮೂರ್ತಿಗಳಾದ ದಲ್ವೀರ್ ಭಂಡಾರಿ ಮತ್ತು ಲೋಕೇಶ್ವರ ಸಿಂಗ್ ಪಾಂಟಾ ಅವರು, ಸುರಕ್ಷಿತ ಶಾಲೆಯು ಶಿಕ್ಷಣದ ಹಕ್ಕಿನ ಅಂಗವೇ ಎಂದು ಎತ್ತಿಹಿಡಿದರು. ಅಗ್ನಿಶಾಮಕ ಉಪಕರಣಗಳು, ನೀರಿನ ತೊಟ್ಟಿ, ಶಾಲಾಕಟ್ಟಡದಿಂದ ದೂರದಲ್ಲಿ ಅಡುಗೆಮನೆ, ಹಳೆಯ ವಿದ್ಯುತ್ ತಂತಿಗಳ ಬದಲಾವಣೆ, ನಿಯತವಾದ ಅಣಕು ಕಾರ್ಯಾಚರಣೆ ಹೀಗೆ ಅದರ ನಿರ್ದೇಶನಗಳ ಪಟ್ಟಿ ದೊಡ್ಡದು. ಶಿಕ್ಷಣ ಚರಿತ್ರೆಯ ವಿದ್ಯಾರ್ಥಿಯು ಅದರ ಎರಡು ವಿವರಗಳ ಬಳಿ ನಿಲ್ಲಬೇಕು. ಬೆಂಕಿ ನಂದಿಸುವ ತರಬೇತಿಯನ್ನು ತೀರ್ಪು ವಿಧಿಸಿದ್ದು ಶಿಕ್ಷಕರಿಗೆ ಮತ್ತು ಹತ್ತರಿಂದ ಹನ್ನೆರಡನೆಯ ತರಗತಿಯ ವಿದ್ಯಾರ್ಥಿಗಳಿಗೆ. ಉಪಕರಣವನ್ನು ಎತ್ತಿ ಹಿಡಿಯುವ ಬಲ ದೊಡ್ಡವರಿಗೇ ಇರುತ್ತದೆಂಬ ತರ್ಕ ಸರಿಯೇ. ಆದರೆ ಸಣ್ಣ ಮಗುವಿಗೆ ಬೇಕಾದ ಅರಿವು ಬೆಂಕಿ ನಂದಿಸುವುದಕ್ಕೆ ಸಂಬಂಧಿಸಿದ್ದಲ್ಲ. ಹೊಗೆಯಲ್ಲಿ ಬಗ್ಗಿ ನಡೆಯುವುದು, ಹತ್ತಿರದ ಬಾಗಿಲನ್ನು ಗುರುತಿಟ್ಟುಕೊಳ್ಳುವುದು, ಚೀಲವನ್ನು ಬಿಟ್ಟು ಹೊರಡುವುದು. ಆರೇಳು ವರ್ಷದ ಮಗು ಇದನ್ನು ಆಟವಾಗಿಯೇ ಕಲಿಯಬಲ್ಲದು. ಅಣಕು ಕಾರ್ಯಾಚರಣೆಯ ನಿರ್ದೇಶನದಲ್ಲಿ ಇದಕ್ಕೆ ಅವಕಾಶವಿದ್ದರೂ ಪಾಠವೆಂಬ ಹೆಸರಿನಲ್ಲಿ ಅದು ಬರಲಿಲ್ಲ.

ಎರಡನೆಯದು ಗಂಟೆ. ಪ್ರತಿ ಮಹಡಿಯಲ್ಲಿ ಎಚ್ಚರಿಕೆಯ ಗಂಟೆ ಇರಬೇಕು, ಗ್ರಾಮೀಣ ಶಾಲೆಗಳಿಗೆ ಪ್ರತ್ಯೇಕವಾಗಿ ಉದ್ದ ಗಂಟೆಯ ಏರ್ಪಾಡು ಇರಬೇಕು ಎಂದು ನಿರ್ದೇಶನ ಹೇಳುತ್ತದೆ. ನಮ್ಮ ಶಾಲೆಗಳಲ್ಲಿ ‘ಲಾಂಗ್ ಬೆಲ್’ ಎಂದರೆ ಮನೆಗೆ ಹೊರಡುವ ಹೊತ್ತು. ಪುಸ್ತಕಗಳನ್ನು ಜೋಡಿಸಿ, ಚೀಲ ಹೆಗಲಿಗೇರಿಸಿ ಓಡುವ ಸಂಭ್ರಮ. ಆ ಶಬ್ದವನ್ನೇ ಅಪಾಯದ ಸಂಕೇತವಾಗಿಸಬೇಕಾದರೆ ಹಳೆಯ ಅರ್ಥದಿಂದ ಅದನ್ನು ಬೇರ್ಪಡಿಸಿ ಕಲಿಸಬೇಕಾಗುತ್ತದೆ. ‘ಪ್ರತ್ಯೇಕ’ ಎಂಬ ಒಂದು ವಿಶೇಷಣದ ಮೇಲೆ ಇಷ್ಟು ಹೊರೆ ಬಿದ್ದಿದೆ.

ಅದೇ 2009ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಶಿಕ್ಷಣ ಹಕ್ಕು ಕಾಯಿದೆಯು ಆರರಿಂದ ಹದಿನಾಲ್ಕರ ವಯಸ್ಸಿನವರಿಗೇ ಸಂಬಂಧಿಸಿದ್ದು. ಅದರ ಅನುಸೂಚಿಯು ಶಾಲಾಕಟ್ಟಡಕ್ಕೆ ಬೇಕಾದುದನ್ನು ಎಣಿಸುತ್ತದೆ: ತರಗತಿ ಕೊಠಡಿ, ಅಡೆತಡೆಯಿಲ್ಲದ ಪ್ರವೇಶ, ಶೌಚಾಲಯ, ಕುಡಿಯುವ ನೀರು, ಊಟ ಬೇಯಿಸಲು ಅಡುಗೆಮನೆ, ಆಟದ ಮೈದಾನ, ಆವರಣ ಗೋಡೆ. ಅಡುಗೆಮನೆಯಿದೆ, ಬೆಂಕಿಯ ಮಾತಿಲ್ಲ. ಕೆಲವೇ ತಿಂಗಳ ಅಂತರದಲ್ಲಿ ಹುಟ್ಟಿದ ತೀರ್ಪೂ ಕಾಯಿದೆಯೂ ಒಂದರ ಮುಖವನ್ನು ಇನ್ನೊಂದು ನೋಡಲಿಲ್ಲ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 2016ರಲ್ಲಿ ಶಾಲಾ ಸುರಕ್ಷತೆಯ ಮಾರ್ಗಸೂಚಿಗಳನ್ನು ಹೊರತಂದಿತು. ಮಾರ್ಗಸೂಚಿ ಎಂಬ ಪದದ ಆಡಳಿತಾತ್ಮಕ ತೂಕವನ್ನು ಓದುಗರು ಬಲ್ಲರು.

ಇಷ್ಟರಲ್ಲಿ ಕಲಿಕೆಯ ಒಂದು ದೊಡ್ಡ ಪಾಲು ಶಾಲೆಯಿಂದ ಹೊರಗೆ ಸರಿದಿತ್ತು. 2019ರ ಮೇ 24ರಂದು ಸೂರತ್‌ನ ತಕ್ಷಶಿಲಾ ಆರ್ಕೇಡ್ ಎಂಬ ವಾಣಿಜ್ಯ ಕಟ್ಟಡದ ಮೇಲಂತಸ್ತಿನಲ್ಲಿದ್ದ ಕೋಚಿಂಗ್ ತರಗತಿಗೆ ಬೆಂಕಿ ಏರಿ 22 ವಿದ್ಯಾರ್ಥಿಗಳು ಸತ್ತರು. ಕೆಲವರು ಮೇಲಿನಿಂದ ಹಾರಿದ್ದರು. ತೀರ್ಪು ಹೆಸರಿಸಿದ ಹತ್ತರಿಂದ ಹನ್ನೆರಡರ ಆಸುಪಾಸಿನ ವಯಸ್ಸಿನವರೂ ಅವರಲ್ಲಿದ್ದರು. ಆದರೆ ಅವರು ಕುಳಿತಿದ್ದ ಕೋಣೆ ಶಾಲೆಯಾಗಿರಲಿಲ್ಲ. 2023ರ ಜೂನ್ 15ರಂದು ದೆಹಲಿಯ ಮುಖರ್ಜಿ ನಗರದ ಕೋಚಿಂಗ್ ಕೇಂದ್ರವೊಂದರಲ್ಲಿ ಬೆಂಕಿ ಕಾಣಿಸಿಕೊಂಡಾಗ, ನಾಗರಿಕ ಸೇವಾ ಪರೀಕ್ಷೆಗಳಿಗೆ ಸಿದ್ಧರಾಗುತ್ತಿದ್ದ ತರುಣ ತರುಣಿಯರು ಕಿಟಕಿಯಿಂದ ಹಗ್ಗ, ತಂತಿಗಳಿಗೆ ಜೋತು ಇಳಿದು ಬಂದರು.