ವೈದ್ಯಶಿಕ್ಷಣದಲ್ಲಿ ವೃತ್ತಿಶೀಲದ ಪರೀಕ್ಷೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳು 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೆ ಮದರಾಸಿನ ಆಡಳಿತಕ್ಕೆ ಒಳಪಟ್ಟಿದ್ದುವು. ಆದುದರಿಂದ ಈ ಸೀಮೆಯ ವೈದ್ಯರ ವೃತ್ತಿಶೀಲವನ್ನು ಕುರಿತ ವಿಚಾರವನ್ನು ನಾವು ಮದರಾಸಿನಿಂದಲೇ ಆರಂಭಿಸಬೇಕಾಗುತ್ತದೆ. 1914ರ ಮದರಾಸು ವೈದ್ಯ ನೋಂದಣಿ ಶಾಸನವು ವೃತ್ತಿಗೆ ಕಳಂಕ ತರುವ ನಡತೆಗಾಗಿ ವೈದ್ಯನ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಲು ಅವಕಾಶವಿತ್ತಿತು. ಇದು ತಪ್ಪಿದವನನ್ನು ದಂಡಿಸುವ ಏರ್ಪಾಡೇ ಹೊರತು ಕಲಿಯುವವನನ್ನು ತಿದ್ದುವ ಏರ್ಪಾಡಲ್ಲ. ಹರಪನಹಳ್ಳಿಯ ರೈತನೊಬ್ಬನು ತನ್ನ ದೂರನ್ನು ಮದರಾಸಿನವರೆಗೆ ಒಯ್ಯುವುದು ಎಷ್ಟರಮಟ್ಟಿಗೆ ಸಾಧ್ಯವಿತ್ತೆಂಬುದನ್ನು ವಾಚಕರೇ ಊಹಿಸಬಹುದು.

1961ರಲ್ಲಿ ಬಳ್ಳಾರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಸ್ಥಾಪಿತವಾದಾಗ ದೂರವೇನೋ ಕಡಮೆಯಾಯಿತು. ಪರೀಕ್ಷಾಕ್ರಮ ಮಾತ್ರ ಹಳೆಯದೇ ಆಗಿತ್ತು. ಬರವಣಿಗೆ, ಮೌಖಿಕ, ರೋಗಿಯ ಮಂಚದ ಬಳಿಯ ಪ್ರಾಯೋಗಿಕ ಪರೀಕ್ಷೆಗಳು ಜ್ಞಾನವನ್ನೂ ನೈಪುಣ್ಯವನ್ನೂ ಅಳೆದುವು. ಶೀಲವು ಅಧ್ಯಾಪಕರ ಕಣ್ಣಂದಾಜಿಗೆ ಸೇರಿದ ವಿಷಯವಾಗಿ ಉಳಿಯಿತು.

2019ರಲ್ಲಿ ದೇಶದಾದ್ಯಂತ ಜಾರಿಗೆ ಬಂದ ಹೊಸ ಎಂ.ಬಿ.ಬಿ.ಎಸ್. ಪಠ್ಯಕ್ರಮವು ಮನೋಭಾವ, ನೀತಿ, ಸಂವಹನಗಳನ್ನು ಬೋಧನೆಯ ಪ್ರತ್ಯೇಕ ಭಾಗವನ್ನಾಗಿ ಮಾಡಿ, ಅವುಗಳ ಮೌಲ್ಯಮಾಪನವನ್ನೂ ಲಾಗ್‌ಬುಕ್ಕಿನ ದಾಖಲೆಯನ್ನೂ ವಿಧಿಸಿತು. ಈ ತಿರುವು ಸಾಮಾನ್ಯವಾದುದಲ್ಲ. ಆದರೂ ನಮಗೊಂದು ಶಂಕೆಯಿದೆ. ಪರೀಕ್ಷಕರು ಎದುರಿಗಿದ್ದಾರೆಂದು ಬಲ್ಲ ವಿದ್ಯಾರ್ಥಿಯು ವಿನಯವನ್ನು ಅಭಿನಯಿಸಬಲ್ಲನು. ಒಂದು ದಿನದ ಅಂಕಕ್ಕಿಂತ ಹಲವು ತಿಂಗಳ ಕಾಲ ಹಲವರು, ಎಂದರೆ ದಾದಿಯರು, ಸಹಪಾಠಿಗಳು ಮತ್ತು ರೋಗಿಗಳು, ಕಂಡು ಹೇಳಿದ ಮಾತೇ ಹೆಚ್ಚು ನಂಬತಕ್ಕದ್ದು. ಕೂಡ್ಲಿಗಿಯಿಂದ ಬಸ್ಸು ಹಿಡಿದು ಬಳ್ಳಾರಿಯ ಆಸ್ಪತ್ರೆಗೆ ಬಂದ ಮುದುಕಿಗೆ, ಗುಳಿಗೆ ಯಾವುದಕ್ಕೆಂಬುದನ್ನು ಅವಳ ಆಡುಮಾತಿನಲ್ಲಿ ಯಾರು ತಿಳಿಸಿದರು, ಯಾರು ಚೀಟಿಯನ್ನಷ್ಟೇ ಕೈಗಿತ್ತರು ಎಂಬುದು ಅವಳಿಗೆ ಗೊತ್ತು. ಅವಳನ್ನು ಕೇಳುವ ಅಂಕಣವೊಂದು ಲಾಗ್‌ಬುಕ್ಕಿನಲ್ಲಿರಬೇಕು.