ಬೇಡದ ಬೆಳಕು: ಪ್ರತಿಫಲನ ಸೂಕ್ಷ್ಮದರ್ಶನದ ಇತಿಹಾಸದಲ್ಲೊಂದು ಅಧ್ಯಾಯ

ಸೂಕ್ಷ್ಮದರ್ಶಕದ ಇತಿಹಾಸವನ್ನು ಬರೆದವರು ಸಾಮಾನ್ಯವಾಗಿ ಅದರ ವರ್ಧನಶಕ್ತಿಯ ಏರಿಕೆಯನ್ನೇ ಮುಖ್ಯ ಸೂತ್ರವಾಗಿ ಹಿಡಿದಿದ್ದಾರೆ. ಎಲೆಯ ತೆಳುಪದರ, ರಕ್ತದ ಕಣ, ಕೊಳದ ನೀರು ಮೊದಲಾದ ಪಾರದರ್ಶಕ ವಸ್ತುಗಳ ಮಟ್ಟಿಗೆ ಈ ಸೂತ್ರ ಸಾಕಾದೀತು. ಆದರೆ ಉಕ್ಕು, ಅದಿರು, ಕಲ್ಲಿದ್ದಲುಗಳ ಮೂಲಕ ಬೆಳಕು ಹಾಯಲಾರದು. ಅದು ಮೇಲಿನಿಂದ ಬಿದ್ದು, ವಸ್ತುವಿನ ಮೈಯಿಂದ ಮರಳಿ ಕಣ್ಣಿಗೆ ಬರಬೇಕು. ಈ ಕ್ಷೇತ್ರದಲ್ಲಿ ಸಂಶೋಧಕರನ್ನು ಬಹುಕಾಲ ಕಾಡಿದ್ದು ವರ್ಧನದ ಕೊರತೆಗಿಂತ ಹೆಚ್ಚಾಗಿ ಬೇಡದ ಬೆಳಕಿನ ಉಪದ್ರವ. ಉಪಕರಣದ ಒಳಗೇ ಹುಟ್ಟಿ ಬಿಂಬದ ಮೇಲೆ ಮಂಜಿನಂತೆ ಕವಿಯುವ ಆ ಬೆಳಕನ್ನು ನಿವಾರಿಸಿದ ಪ್ರಯತ್ನಗಳನ್ನು ಸಂಗ್ರಹವಾಗಿ ನಿರೂಪಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹದಿನೆಂಟನೆಯ ಶತಮಾನದಲ್ಲಿ ಬರ್ಲಿನ್ನಿನ ವೈದ್ಯ ಯೋಹಾನ್ ಲೀಬರ್‌ಕ್ಯೂನ್ (1711–1756) ಮಸೂರದ ಸುತ್ತ ಬೆಳ್ಳಿಯ ನಿಮ್ನದರ್ಪಣವನ್ನು ಅಳವಡಿಸಿ, ಬೆಳಕನ್ನು ವಸ್ತುವಿನ ಮೇಲೆ ಬೀಳಿಸುವ ಉಪಾಯವನ್ನು ಪ್ರಚಾರಕ್ಕೆ ತಂದನು. ಕೀಟ, ಬೀಜಗಳಂತಹ ಒರಟು ಮೈಯ ವಸ್ತುಗಳಿಗೆ ಇದು ಒಪ್ಪಿತು. ಆದರೆ ಒಪ್ಪವಿಟ್ಟ ಲೋಹ ಕನ್ನಡಿಯಂತಿರುವುದರಿಂದ, ಓರೆಯಾಗಿ ಬಿದ್ದ ಬೆಳಕು ಓರೆಯಾಗಿಯೇ ಹೊರಗೆ ಹೋಗುತ್ತದೆ. ಗೀರುಗಳು ಮಾತ್ರ ಹೊಳೆದು ಉಳಿದದ್ದೆಲ್ಲ ಕಪ್ಪಾಗಿ ಕಾಣುತ್ತದೆ.

ಇಂಗ್ಲೆಂಡಿನ ಉಕ್ಕಿನ ನಗರವಾದ ಶೆಫೀಲ್ಡಿನ ಹೆನ್ರಿ ಕ್ಲಿಫ್ಟನ್ ಸಾರ್ಬಿ (1826–1908) ಈ ತೊಡಕನ್ನು ನೇರವಾಗಿ ಎದುರಿಸಿದನು. 1863ರಲ್ಲಿ ಉಕ್ಕಿನ ತುಂಡುಗಳಿಗೆ ಒಪ್ಪವಿಟ್ಟು, ಆಮ್ಲದಿಂದ ಲಘುವಾಗಿ ಕೊರೆದು ಪರೀಕ್ಷಿಸತೊಡಗಿದ ಆತನು, ಓರೆ ಬೆಳಕಿನ ಜೊತೆಗೆ ಮತ್ತೊಂದು ಕ್ರಮವನ್ನೂ ಬಳಸಿದನು. ವಸ್ತುಮಸೂರದ ಅರ್ಧಭಾಗವನ್ನು ಮುಚ್ಚುವ ಪುಟ್ಟ ಕನ್ನಡಿಯೊಂದರಿಂದ ಬೆಳಕನ್ನು ಬಹುಮಟ್ಟಿಗೆ ನೇರವಾಗಿ ಕೆಳಗಿಳಿಸುವುದೇ ಆ ಕ್ರಮ. ರೈಲು ಅಪಘಾತವಾದಾಗ ಹಳಿಯನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಬೇಕೆಂದು ಆ ದಿನಗಳಲ್ಲಿ ಯಾರಾದರೂ ಸೂಚಿಸಿದ್ದರೆ ಅಂಥವನನ್ನು ಹುಚ್ಚನೆಂದೇ ಬಗೆಯುತ್ತಿದ್ದರೆಂದು ಆತನು ಮುಂದೆ ಸ್ಮರಿಸಿದ್ದಾನೆ. ಸುಮಾರು ಎರಡು ದಶಕಗಳ ತರುವಾಯ ಹೆಚ್ಚಿನ ವರ್ಧನದಲ್ಲಿ ಅದೇ ಉಕ್ಕನ್ನು ಮತ್ತೆ ನೋಡಿದಾಗ, ಮುತ್ತಿನ ಕಾಂತಿಯ ಅಂಶವೊಂದು ಅತಿ ತೆಳುವಾದ ಪದರಗಳ ಜೋಡಣೆಯೆಂದು ತಿಳಿದುಬಂತು. ಇದನ್ನು ಆತನು 1887ರ ಪ್ರಬಂಧದಲ್ಲಿ ವಿವರಿಸಿದನು. ‘ಪರ್ಲೈಟ್’ ಎಂದು ಪ್ರಸಿದ್ಧವಾದದ್ದು ಇದೇ. ಉಕ್ಕಿನ ಬಲವನ್ನೂ ಕಾಠಿಣ್ಯವನ್ನೂ ಅದರ ಒಳರಚನೆಯಿಂದ ವಿವರಿಸುವ ಶಾಸ್ತ್ರ ಇಲ್ಲಿಂದ ಬೆಳೆಯಿತು.

ಅರ್ಧಕನ್ನಡಿಯ ಕ್ರಮಕ್ಕೆ ಒಂದು ಗುಣವೂ ಒಂದು ದೋಷವೂ ಉಂಟು. ಬೆಳಕು ಮಸೂರದ ಒಂದು ಅರ್ಧದಲ್ಲಿ ಇಳಿದು ಮತ್ತೊಂದು ಅರ್ಧದಲ್ಲಿ ಮೇಲೇರುವುದರಿಂದ ಬೇಡದ ಬೆಳಕು ಕಡಿಮೆ. ಆದರೆ ಮಸೂರದ ಅರ್ಧವೇ ಮರೆಯಾದುದರಿಂದ ಸೂಕ್ಷ್ಮ ವಿವರಗಳು ಬೇರ್ಪಡುವುದಿಲ್ಲ. ಇದಕ್ಕೆ ಪರಿಹಾರವಾಗಿ ಬಂದದ್ದು 45 ಅಂಶಗಳ ಓರೆಯಲ್ಲಿ ನಿಲ್ಲಿಸಿದ ತೆಳುಗಾಜು. ಅದು ದೀಪದ ಬೆಳಕಿನ ಒಂದು ಪಾಲನ್ನು ಕೆಳಗೆ ತಿರುಗಿಸಿ, ವಸ್ತುವಿನಿಂದ ಮರಳಿದ ಬೆಳಕನ್ನು ಮೇಲಕ್ಕೆ ಬಿಡುತ್ತದೆ. ಮಸೂರವೆಲ್ಲ ಉಪಯೋಗಕ್ಕೆ ಬಂತು. ಆದರೆ ಮಂಜೂ ಮರಳಿ ಬಂತು. ಮೇಲಾಗಿ, ಅರ್ಧ ಬೆಳ್ಳಿ ಲೇಪಿಸಿದ ಗಾಜಿನಲ್ಲಿ ಹೋಗುವಾಗ ಅರ್ಧ, ಬರುವಾಗ ಅರ್ಧ ನಷ್ಟವಾಗಿ, ಅತ್ಯುತ್ತಮ ಸ್ಥಿತಿಯಲ್ಲಿಯೂ ಕಾಲುಭಾಗಕ್ಕಿಂತ ಹೆಚ್ಚು ಬೆಳಕು ಕಣ್ಣಿಗೆ ದಕ್ಕದು.

ಮಂಜಿನ ಮೂಲವೆಲ್ಲಿ? ಈ ಏರ್ಪಾಟಿನಲ್ಲಿ ಒಂದೇ ವಸ್ತುಮಸೂರವು ಬೆಳಕನ್ನು ಬೀರುವ ಕೆಲಸವನ್ನೂ ಬಿಂಬವನ್ನು ಕಟ್ಟುವ ಕೆಲಸವನ್ನೂ ಮಾಡಬೇಕು. ಕೆಳಗಿಳಿಯುವ ಬೆಳಕಿನಲ್ಲಿ ನೂರಕ್ಕೆ ಸುಮಾರು ನಾಲ್ಕು ಪಾಲು, ಗಾಳಿಯನ್ನು ಮುಟ್ಟುವ ಪ್ರತಿಯೊಂದು ಗಾಜಿನ ಮೈಯಿಂದಲೂ ಹಿಂದಿರುಗುತ್ತದೆ. ಇದರಲ್ಲಿ ಒಂದಂಶ ವಸ್ತುವನ್ನು ಮುಟ್ಟದೆಯೇ ಕಣ್ಣನ್ನು ಸೇರುತ್ತದೆ. ಬೀಳುವ ಬೆಳಕಿನ ಅರ್ಧಕ್ಕಿಂತ ಹೆಚ್ಚನ್ನು ಮರಳಿಸುವ ಉಕ್ಕಿಗೆ ಇದರಿಂದ ದೊಡ್ಡ ಹಾನಿಯಿಲ್ಲ. ಆದರೆ ಬೆಣಚುಕಲ್ಲು ಮರಳಿಸುವುದೂ ನೂರಕ್ಕೆ ನಾಲ್ಕೂವರೆ ಪಾಲಿನಷ್ಟೇ! ಉದಾಹರಣೆಗೆ, 5 ಮತ್ತು 8 ಪಾಲು ಬೆಳಕನ್ನು ಮರಳಿಸುವ ಎರಡು ಖನಿಜಗಳು ಅಕ್ಕಪಕ್ಕದಲ್ಲಿವೆಯೆನ್ನೋಣ. ಅವೆರಡರ ಮೇಲೂ 20 ಪಾಲು ಬೇಡದ ಬೆಳಕು ಸೇರಿದರೆ ಕಣ್ಣಿಗೆ ಬೀಳುವುದು 25 ಮತ್ತು 28. ಎದ್ದು ಕಾಣುತ್ತಿದ್ದ ಭೇದ ಬಹುಮಟ್ಟಿಗೆ ಅಳಿಸಿಹೋಗಿ, ಎರಡು ಖನಿಜಗಳು ಒಂದೇ ಎಂಬ ತಪ್ಪು ನಿರ್ಣಯಕ್ಕೆ ದಾರಿಯಾಗುತ್ತದೆ. ದೀಪದ ಪ್ರಖರತೆಯನ್ನು ಹೆಚ್ಚಿಸಿ ಫಲವಿಲ್ಲ. ಮಂಜೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ.

ನಿವಾರಣೋಪಾಯಗಳು ಬೇರೆಬೇರೆ ಕಡೆಗಳಿಂದ ಬಂದವು. 1893ರಲ್ಲಿ ಜರ್ಮನಿಯ ಆಗಸ್ಟ್ ಕ್ಯೋಲರ್ ಪಾರದರ್ಶಕ ವಸ್ತುಗಳ ಛಾಯಾಗ್ರಹಣಕ್ಕಾಗಿ ರೂಪಿಸಿದ ದೀಪನಕ್ರಮವು ಪ್ರತಿಫಲನಕ್ಕೂ ಒದಗಿತು. ನೋಡುವ ಕ್ಷೇತ್ರಕ್ಕೆ ಬೇಕಾದಷ್ಟೇ ಬೆಳಕನ್ನು ಕ್ಷೇತ್ರದ ಕವಾಟದಿಂದ ಬಿಡುವುದು ಅದರ ಒಂದು ಸಾರ. ಅದಕ್ಕೂ ಒಂದು ವರ್ಷ ಹಿಂದೆ ಇಂಗ್ಲೆಂಡಿನ ಡೆನ್ನಿಸ್ ಟೇಲರ್, ಹಳತಾಗಿ ಮಾಸಿದ ಮಸೂರವು ಹೊಸದಕ್ಕಿಂತ ಹೆಚ್ಚು ಬೆಳಕನ್ನು ಹಾಯಿಸುವ ವಿಚಿತ್ರವನ್ನು ಗಮನಿಸಿದ್ದನು. ಮಾಸಲು ಪದರವು ಪ್ರತಿಫಲನವನ್ನು ತಗ್ಗಿಸುತ್ತಿತ್ತು. ಈ ತತ್ತ್ವವನ್ನು 1935ರಲ್ಲಿ ತ್ಸೈಸ್ ಸಂಸ್ಥೆಯ ಅಲೆಕ್ಸಾಂಡರ್ ಸ್ಮಾಕುಲಾ ನಿರ್ವಾತದಲ್ಲಿ ಲೇಪಿಸುವ ವಿಧಾನದಿಂದ ಕಾರ್ಯಗತಗೊಳಿಸಿದನು. ಮೆಗ್ನೀಸಿಯಂ ಫ್ಲೋರೈಡಿನ ಒಂದು ತೆಳುಲೇಪ ನಾಲ್ಕು ಪಾಲಿನ ಪ್ರತಿಫಲನವನ್ನು ಒಂದೂಕಾಲು ಪಾಲಿನ ಆಸುಪಾಸಿಗೆ ಇಳಿಸುತ್ತದೆ.

ಉಳಿದುದನ್ನು ಧ್ರುವೀಕರಣದಿಂದ ಬೇರ್ಪಡಿಸುವ ‘ಆಂಟಿಫ್ಲೆಕ್ಸ್’ ವಿಧಾನ ಬಹು ಜಾಣ್ಮೆಯದು. ಇಳಿಯುವ ಬೆಳಕನ್ನು ಒಂದು ದಿಕ್ಕಿನಲ್ಲಿ ಧ್ರುವೀಕರಿಸಿ, ಮೇಲೆ ಅದಕ್ಕೆ ಅಡ್ಡಲಾಗಿ ಇನ್ನೊಂದು ಶೋಧಕವನ್ನಿಟ್ಟರೆ, ಮಸೂರಗಳಿಂದ ಮರಳಿದ ಬೆಳಕು ಅಲ್ಲಿಯೇ ತಡೆಯಲ್ಪಡುತ್ತದೆ. ವಸ್ತುವನ್ನು ಮುಟ್ಟಿ ಬರುವ ಬೆಳಕಾದರೋ ಮಸೂರದ ಕೆಳಗಿನ ಕಾಲುತರಂಗದ ಫಲಕವನ್ನು ಎರಡು ಬಾರಿ ಹಾದು, 90 ಅಂಶ ತಿರುಗಿ ಹೊರಬೀಳುತ್ತದೆ. 1975ರಲ್ಲಿ ಹಾಲೆಂಡಿನ ಪ್ಲೂಮ್ ಈ ಉಪಾಯವನ್ನು ಜೀವಕೋಶಗಳ ಅಧ್ಯಯನಕ್ಕೆ ಒಯ್ದನು. ಗಾಜು–ನೀರಿನ ಗಡಿಯಿಂದ ಮರಳುವ ಬೆಳಕು ನೂರಕ್ಕೆ ಅರ್ಧ ಪಾಲಿಗೂ ಕಡಿಮೆ. ಕೋಶವು ಗಾಜಿಗೆ ಎಲ್ಲಿ ಅಂಟಿದೆಯೆಂಬುದನ್ನು ಅಷ್ಟು ಕ್ಷೀಣವಾದ ಬೆಳಕಿನಿಂದಲೇ ಓದುವುದು ಸಾಧ್ಯವಾಯಿತು.

ಇವುಗಳಲ್ಲಿ ಯಾವುದೂ ವರ್ಧನವನ್ನು ಹೆಚ್ಚಿಸಿದ ಶೋಧನೆಯಲ್ಲ. ಆದರೂ ಇವಿಲ್ಲದೆ ಹೆಚ್ಚಿದ ವರ್ಧನ ಮಂಜನ್ನೇ ದೊಡ್ಡದು ಮಾಡಿ ತೋರಿಸುತ್ತಿತ್ತು. ಎಲ್ಲದರ ಹಿಂದೆಯೂ ಇದ್ದದ್ದು ಒಂದೇ ಪ್ರಶ್ನೆ: ಕಂಡ ಬೆಳಕಿನಲ್ಲಿ ವಸ್ತುವಿನದೆಷ್ಟು, ಉಪಕರಣದ್ದೆಷ್ಟು? ಅದನ್ನು ಅರಿಯುವ ಸರಳ ಪರೀಕ್ಷೆ ಇಂದಿಗೂ ಬದಲಾಗಿಲ್ಲ. ವಸ್ತುವನ್ನು ತೆಗೆದು, ಆ ಸ್ಥಳದಲ್ಲಿ ಕಪ್ಪು ಮಖಮಲ್ಲನ್ನಿಟ್ಟು ನೋಡಬೇಕು. ಆಗಲೂ ಉಳಿಯುವ ಬೆಳಕು ಬಹುಮಟ್ಟಿಗೆ ಉಪಕರಣದ್ದು. ಅದನ್ನು ಕಳೆಯದೆ ಲೋಹದ ಕುರಿತಾಗಲಿ ಖನಿಜದ ಕುರಿತಾಗಲಿ ನಿರ್ಣಯ ಹೇಳುವುದು ಯುಕ್ತವಲ್ಲ.