ಶೀರ್ಷಿಕೆಗಳ ಕೆಳಗೆ ವಿಚಾರ: ಔಟ್‌ಲೈನ್ ತಂತ್ರಾಂಶ ಬೆಳೆದು ಬಂದ ದಾರಿ

ನಮ್ಮ ಶಾಲೆಗಳಲ್ಲಿ ಪ್ರಬಂಧ ಬರೆಯುವುದನ್ನು ಕಲಿಸುವಾಗ ಮೊದಲು ಹೇಳಿಕೊಡುವುದು ಮೂರು ಮಾತು: ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಉರ್ದು ತರಗತಿಯಲ್ಲಿ ಇದನ್ನೇ ತಮ್ಹೀದ್, ನಫ್ಸೆ ಮಜ್ಮೂನ್, ಇಖ್ತಿತಾಮ್ ಎನ್ನುತ್ತೇವೆ. ಭಾಷೆ ಬೇರೆಯಾದರೂ ಚೌಕಟ್ಟು ಒಂದೇ. ಬಿ.ಎಡ್. ಓದುವಾಗ ಪಾಠ ಯೋಜನೆಯನ್ನು ಶೀರ್ಷಿಕೆ, ಉಪಶೀರ್ಷಿಕೆ ಹಾಕಿ ಬರೆದು ಬರೆದು ಕೈ ಸೋತದ್ದು ಅಧ್ಯಾಪಕ ಮಿತ್ರರಿಗೆಲ್ಲ ನೆನಪಿರಬಹುದು. ಇದೇ ಕೆಲಸಕ್ಕಾಗಿ ಕಂಪ್ಯೂಟರ್‌ನಲ್ಲಿ ಪ್ರತ್ಯೇಕ ತಂತ್ರಾಂಶಗಳೇ ಹುಟ್ಟಿಕೊಂಡವು. ಅವುಗಳಿಗೆ ಔಟ್‌ಲೈನರ್ ಎಂದು ಹೆಸರು. ಅವುಗಳ ಇತಿಹಾಸದಲ್ಲಿ ವಿದ್ಯಾರ್ಥಿಗಳಿಗೆ ಒಂದು ಪಾಠವೂ ಇದೆ, ಒಂದು ಎಚ್ಚರಿಕೆಯೂ ಇದೆ.

ಕಾಗದದ ಕಾಲ

ವಿಷಯವನ್ನು ಶೀರ್ಷಿಕೆಗಳಡಿ ಜೋಡಿಸುವುದು ಹೊಸದೇನಲ್ಲ. ಕ್ರಿ.ಶ. ಮೊದಲನೆಯ ಶತಮಾನದಲ್ಲಿ ರೋಮ್‌ನ ಪ್ಲಿನಿ ಪ್ರಕೃತಿಯ ಬಗ್ಗೆ 37 ಸಂಪುಟಗಳ ಗ್ರಂಥ ಬರೆದಾಗ, ಮೊದಲನೆಯ ಸಂಪುಟವನ್ನು ವಿಷಯಸೂಚಿಗೇ ಮೀಸಲಿಟ್ಟನು. ಬೇಕಾದುದನ್ನು ಮಾತ್ರ ಹುಡುಕಿ ಓದಲಿ ಎಂಬುದು ಅವನ ಉದ್ದೇಶ. ಉರ್ದು ಗ್ರಂಥಗಳ ಬಾಬ್, ಫಸ್ಲ್, ಫೆಹರಿಸ್ತ್‌ಗಳೂ ಇದೇ ಕೆಲಸ ಮಾಡುತ್ತವೆ. ಆದರೆ ಕಾಗದಕ್ಕೆ ಒಂದು ಮಿತಿ ಇದೆ. ಒಮ್ಮೆ ಬರೆದ ಮೇಲೆ ಮೂರನೆಯ ಅಂಶವನ್ನು ಮೊದಲನೆಯದಾಗಿ ಮಾಡಬೇಕಾದರೆ ಎಲ್ಲವನ್ನೂ ಮತ್ತೆ ಬರೆಯಬೇಕು. ಆದ್ದರಿಂದ ಮನಸ್ಸು ಬದಲಾದರೂ ಕ್ರಮ ಬದಲಾಗುವುದಿಲ್ಲ.

ಎಂಗೆಲ್‌ಬಾರ್ಟ್ ತೋರಿಸಿದ ಪಟ್ಟಿ

ಈ ಮಿತಿಯನ್ನು ಮೀರಿದವರು ಅಮೆರಿಕದ ಡಗ್ಲಾಸ್ ಎಂಗೆಲ್‌ಬಾರ್ಟ್ (1925-2013). ಎರಡನೆಯ ಮಹಾಯುದ್ಧದ ಸಮಯದಲ್ಲಿ ನೌಕಾಪಡೆಯಲ್ಲಿ ರೇಡಾರ್ ತಂತ್ರಜ್ಞರಾಗಿದ್ದ ಅವರು ಮುಂದೆ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆ ಸೇರಿದರು. 1962ರಲ್ಲಿ ಮಾನವನ ಬುದ್ಧಿಶಕ್ತಿಯನ್ನು ಯಂತ್ರದ ಸಹಾಯದಿಂದ ಹೆಚ್ಚಿಸುವ ಬಗ್ಗೆ ಒಂದು ದೀರ್ಘ ವರದಿ ಬರೆದರು. ಕಂಪ್ಯೂಟರ್ ಎಂದರೆ ಲೆಕ್ಕ ಮಾಡುವ ಯಂತ್ರ ಎಂದೇ ಬಹುತೇಕರು ತಿಳಿದಿದ್ದ ಕಾಲವದು.

1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊದ ಸಮ್ಮೇಳನವೊಂದರಲ್ಲಿ ಸುಮಾರು ಒಂದು ಸಾವಿರ ಜನರ ಮುಂದೆ ಅವರು 90 ನಿಮಿಷಗಳ ಪ್ರಾತ್ಯಕ್ಷಿಕೆ ನೀಡಿದರು. ಕಂಪ್ಯೂಟರ್ ಇದ್ದದ್ದು ಸುಮಾರು 48 ಕಿಲೋಮೀಟರ್ ದೂರದ ಮೆನ್ಲೊ ಪಾರ್ಕ್‌ನಲ್ಲಿ. ಮೌಸ್ ಜನರ ಮುಂದೆ ಬಂದದ್ದು ಅಂದೇ. ಆದರೆ ನಮ್ಮ ವಿಷಯಕ್ಕೆ ಮುಖ್ಯವಾದದ್ದು ಇನ್ನೊಂದು. ಅವರು ಮನೆಗೆ ತರಬೇಕಾದ ಸಾಮಾನುಗಳ ಪಟ್ಟಿಯನ್ನು ಪರದೆಯ ಮೇಲೆ ಬರೆದು, ಬಿಡಿ ವಸ್ತುಗಳನ್ನು ವರ್ಗಗಳ ಕೆಳಗೆ ಸೇರಿಸಿದರು. ಬೇಕಾದಾಗ ವರ್ಗಗಳ ಹೆಸರು ಮಾತ್ರ ಕಾಣುವಂತೆ, ಬೇಕಾದಾಗ ಒಳಗಿನದೆಲ್ಲ ಕಾಣುವಂತೆ ಮಾಡಿದರು. ಕ್ಷಣದಲ್ಲಿ ಕ್ರಮವನ್ನು ಬದಲಿಸಿದರು. ಅವರ ವ್ಯವಸ್ಥೆಯಲ್ಲಿ ಪ್ರತಿ ವಾಕ್ಯಭಾಗಕ್ಕೂ ಒಂದು ಮಟ್ಟ, ಒಂದು ಸಂಖ್ಯೆ ಇತ್ತು. ಬರವಣಿಗೆಯನ್ನು ಮಡಚಬಹುದು, ಬಿಡಿಸಬಹುದು ಎಂಬ ಕಲ್ಪನೆ ಹೀಗೆ ಜಗತ್ತಿಗೆ ಪರಿಚಯವಾಯಿತು.

ಮೇಜಿನ ಮೇಲಿನ ಕಂಪ್ಯೂಟರ್‌ಗೆ

ಆ ದೊಡ್ಡ ಯಂತ್ರ ಸಾಮಾನ್ಯರ ಕೈಗೆ ಸಿಗುವಂತಿರಲಿಲ್ಲ. ಮನೆಯ ಕಂಪ್ಯೂಟರ್‌ಗೆ ಈ ಸೌಲಭ್ಯವನ್ನು ತಂದವರಲ್ಲಿ ಡೇವ್ ವೈನರ್ ಪ್ರಮುಖರು. ಅವರ ಲಿವಿಂಗ್ ವಿಡಿಯೊಟೆಕ್ಸ್ಟ್ ಕಂಪನಿ 1983ರಲ್ಲಿ ಆಪಲ್ 2 ಕಂಪ್ಯೂಟರ್‌ಗಾಗಿ ಥಿಂಕ್‌ಟ್ಯಾಂಕ್ ಎಂಬ ತಂತ್ರಾಂಶ ಹೊರತಂದಿತು. ಶೀರ್ಷಿಕೆಯ ಮುಂದೆ ಕೂಡಿಸುವ ಚಿಹ್ನೆ ಇದ್ದರೆ ಅದರೊಳಗೆ ಇನ್ನೂ ವಿಷಯವಿದೆ ಎಂದರ್ಥ, ಕಳೆಯುವ ಚಿಹ್ನೆ ಇದ್ದರೆ ಇಲ್ಲ ಎಂದರ್ಥ. ಪದ ಸಂಸ್ಕಾರಕಕ್ಕೆ ಬದಲಾಗಿ ಇದನ್ನು ವಿಚಾರ ಸಂಸ್ಕಾರಕ ಎಂದು ಕರೆದರು. ಎಷ್ಟು ಸೊಗಸಾದ ಹೆಸರು ನೋಡಿ!

1986ರಲ್ಲಿ ಅದೇ ಕಂಪನಿ ಮ್ಯಾಕಿಂಟಾಷ್‌ಗಾಗಿ ಮೋರ್ ಎಂಬ ತಂತ್ರಾಂಶ ತಂದಿತು. ಇದು ಶೀರ್ಷಿಕೆಗಳ ಪಟ್ಟಿಯನ್ನು ಸಭೆಯಲ್ಲಿ ತೋರಿಸುವ ಪುಟಗಳನ್ನಾಗಿ ಮಾರ್ಪಡಿಸುತ್ತಿತ್ತು. ಮರುವರ್ಷವೇ, 1987ರಲ್ಲಿ, ಪವರ್‌ಪಾಯಿಂಟ್ ಬಂದಿತು. ಮೈಕ್ರೋಸಾಫ್ಟ್ ಅದನ್ನು ಅದೇ ವರ್ಷ ಕೊಂಡುಕೊಂಡಿತು. ವರ್ಡ್‌ನಲ್ಲಿಯೂ ಔಟ್‌ಲೈನ್ ನೋಟ ಸೇರಿ, ಒಂಬತ್ತು ಮಟ್ಟಗಳವರೆಗೆ ಶೀರ್ಷಿಕೆಗಳಿಗೆ ಅವಕಾಶವಾಯಿತು. ವೆಬ್ ಪುಟಗಳ ಭಾಷೆಯಲ್ಲಿ ಆರು ಮಟ್ಟಗಳಿವೆ. 2003ರಲ್ಲಿ ನೆದರ್‌ಲ್ಯಾಂಡ್ಸ್‌ನ ಖಗೋಳ ವಿಜ್ಞಾನಿ ಕಾರ್ಸ್ಟನ್ ಡೊಮಿನಿಕ್ ತಮ್ಮ ಟಿಪ್ಪಣಿಗಳನ್ನು ಜೋಡಿಸಿಕೊಳ್ಳಲು ಆರ್ಗ್ ಮೋಡ್ ರಚಿಸಿ ಉಚಿತವಾಗಿ ಹಂಚಿದರು. 2010ರಲ್ಲಿ ವರ್ಕ್‌ಫ್ಲೋವಿ ಬಂದು, ಇಂಟರ್‌ನೆಟ್ ಮೂಲಕ ಈ ಸೌಲಭ್ಯ ಸುಲಭವಾಗಿ ಸಿಗತೊಡಗಿತು.

ಇಷ್ಟೆಲ್ಲ ಇದ್ದರೂ ನಮ್ಮಲ್ಲಿ ಬಹಳ ಜನರಿಗೆ ಇದರ ಪರಿಚಯವಿಲ್ಲ. ನಾನೂ ಶಾಲೆಯ ವಾರ್ಷಿಕ ವರದಿಯನ್ನು ವರ್ಷಗಟ್ಟಲೆ ಅಕ್ಷರ ದಪ್ಪ ಮಾಡಿ, ಪುಟ ಸಂಖ್ಯೆಯನ್ನು ಕೈಯಿಂದಲೇ ಸೇರಿಸಿ ಸಿದ್ಧಪಡಿಸಿದವನೇ. ಒಂದು ಪುಟ ಹೆಚ್ಚಾದರೆ ವಿಷಯಸೂಚಿ ಪೂರ್ತಿ ತಪ್ಪುತ್ತಿತ್ತು. ಶೀರ್ಷಿಕೆಯನ್ನು ಶೀರ್ಷಿಕೆ ಎಂದೇ ಗುರುತಿಸಿದರೆ ವಿಷಯಸೂಚಿಯನ್ನು ಯಂತ್ರವೇ ಮಾಡಿಕೊಡುತ್ತದೆ ಎಂದು ಸಹೋದ್ಯೋಗಿಯೊಬ್ಬರು ತೋರಿಸಿದ ದಿನ ಕಳೆದ ವರ್ಷಗಳ ರಾತ್ರಿಗಳು ನೆನಪಾದವು.

ಒಂದು ಎಚ್ಚರಿಕೆ

ಈಗ ಎಚ್ಚರಿಕೆಯ ಮಾತು. 2003ರ ಜನವರಿ 16ರಂದು ಕೊಲಂಬಿಯಾ ಬಾಹ್ಯಾಕಾಶ ನೌಕೆ ಮೇಲೇರಿದ ಸುಮಾರು 82 ಸೆಕೆಂಡುಗಳಲ್ಲಿ ಇಂಧನ ಟ್ಯಾಂಕಿನ ಫೋಮ್ ತುಂಡೊಂದು ಕಳಚಿ ಎಡರೆಕ್ಕೆಗೆ ಬಡಿಯಿತು. ನೌಕೆ ಬಾಹ್ಯಾಕಾಶದಲ್ಲಿರುವಾಗಲೇ ಎಂಜಿನಿಯರ್‌ಗಳು ಅಪಾಯವನ್ನು ಅಂದಾಜು ಮಾಡಿ ಪವರ್‌ಪಾಯಿಂಟ್ ಪುಟಗಳಲ್ಲಿ ಅಧಿಕಾರಿಗಳ ಮುಂದಿಟ್ಟರು. ಅದರಲ್ಲಿ ಒಂದು ಪುಟದ ದೊಡ್ಡ ಶೀರ್ಷಿಕೆ ಧೈರ್ಯ ತುಂಬುವಂತಿತ್ತು. ಅದರ ಕೆಳಗೆ ಉಪಶೀರ್ಷಿಕೆ, ಅದರ ಕೆಳಗೆ ಮತ್ತೊಂದು. ಎಲ್ಲಕ್ಕಿಂತ ಕೆಳಗೆ, ಸಣ್ಣ ಅಕ್ಷರಗಳಲ್ಲಿ, ನಿಜವಾದ ಸಂಗತಿ ಇತ್ತು: ಪ್ರಯೋಗಗಳಲ್ಲಿ ಬಳಸಿದ್ದ ತುಂಡು 3 ಘನ ಅಂಗುಲದ್ದು, ಬಡಿದ ತುಂಡಿನ ಅಂದಾಜು ಗಾತ್ರ 1920 ಘನ ಅಂಗುಲ. ಅಂದರೆ 640 ಪಟ್ಟು ದೊಡ್ಡದು.

ಫೆಬ್ರವರಿ 1ರಂದು ಹಿಂದಿರುಗುವಾಗ ನೌಕೆ ಒಡೆದು ಏಳು ಮಂದಿ ಮಡಿದರು. ಹರಿಯಾಣದ ಕರ್ನಾಲ್‌ನಲ್ಲಿ ಹುಟ್ಟಿದ ನಮ್ಮ ಕಲ್ಪನಾ ಚಾವ್ಲಾ ಅವರಲ್ಲೊಬ್ಬರು. ದುರಂತಕ್ಕೆ ಆ ಪುಟವೇ ಕಾರಣವೆಂದು ಯಾರೂ ಹೇಳುವುದಿಲ್ಲ. ಆದರೆ ಅದನ್ನು ಓದಿದ ಹಿರಿಯ ಅಧಿಕಾರಿಗೆ ಇದು ಪ್ರಾಣಾಪಾಯದ ವಿಷಯವೆಂದು ತಿಳಿಯದೇ ಹೋಗಬಹುದು ಎಂದು ತನಿಖಾ ಮಂಡಳಿ ಅದೇ ವರ್ಷದ ವರದಿಯಲ್ಲಿ ಗುರುತಿಸಿತು. ಈ ಪುಟದ ದೋಷಗಳನ್ನು ಬಿಡಿಸಿ ತೋರಿಸಿದವರು ಎಡ್ವರ್ಡ್ ಟಫ್ಟಿ ಎಂಬ ವಿದ್ವಾಂಸರು.

ನಮ್ಮ ತರಗತಿಗೆ

ಇದನ್ನು ಓದಿದ ಮೇಲೆ ನನ್ನ ತರಗತಿಯ ಒಂದು ಉತ್ತರ ಪತ್ರಿಕೆ ನೆನಪಾಯಿತು. ವಿಷಯ ನೀರಿನ ಸಂರಕ್ಷಣೆ. ಹುಡುಗಿ ಪೀಠಿಕೆ, ಮಹತ್ವ, ಕಾರಣಗಳು, ಪರಿಹಾರಗಳು ಎಂದು ಅಂದವಾಗಿ ಶೀರ್ಷಿಕೆ ಹಾಕಿ, ಗೈಡಿನಲ್ಲಿದ್ದುದನ್ನೇ ತುಂಬಿದ್ದಳು. ಕೊನೆಯಲ್ಲಿ ‘ಇತರೆ’ ಎಂಬ ಶೀರ್ಷಿಕೆಯಡಿ ಒಂದೇ ಸಾಲು: ತಮ್ಮ ಓಣಿಯಲ್ಲಿ ನಲ್ಲಿ ನೀರು ರಾತ್ರಿ ಎರಡು ಗಂಟೆಗೆ ಬರುವುದರಿಂದ ತಾಯಿ ನಿದ್ದೆ ಮಾಡುವುದಿಲ್ಲ. ಇಡೀ ಪ್ರಬಂಧದಲ್ಲಿ ಅವಳದೇ ಆದದ್ದು ಆ ಸಾಲು ಮಾತ್ರ. ನಾನು ಅಂದು ಶೀರ್ಷಿಕೆಗಳಿಗೆ ಪೂರ್ಣ ಅಂಕ ಕೊಟ್ಟು ಆ ಸಾಲನ್ನು ದಾಟಿ ಹೋದೆ. ತಪ್ಪು ನನ್ನದು.

ಪ್ರಿಯ ವಿದ್ಯಾರ್ಥಿಗಳೇ, ಶೀರ್ಷಿಕೆ ಹಾಕುವುದನ್ನು ಕಲಿಯಿರಿ, ಆದರೆ ಮೊದಲೇ ಹಾಕಬೇಡಿ. ಗೊತ್ತಿರುವುದನ್ನೆಲ್ಲ ಒಂದೊಂದು ಸಾಲಾಗಿ ಬರೆಯಿರಿ. ಸಂಬಂಧವಿರುವ ಸಾಲುಗಳನ್ನು ಹತ್ತಿರ ತನ್ನಿ. ಆಮೇಲೆ ಗುಂಪಿಗೆ ಹೆಸರಿಡಿ. ಎಲ್ಲವನ್ನೂ ಮಡಚಿ ಶೀರ್ಷಿಕೆಗಳನ್ನಷ್ಟೇ ಓದಿದರೆ ನಿಮ್ಮ ವಾದ ತಿಳಿಯುತ್ತದೆಯೇ ನೋಡಿ. ಕೊನೆಗೆ ಅತ್ಯಂತ ಕೆಳಗಿನ ಸಾಲುಗಳನ್ನು ಮತ್ತೊಮ್ಮೆ ಓದಿ, ಮೇಲೆ ಬರಬೇಕಾದದ್ದು ಅಲ್ಲಿ ಉಳಿದಿದೆಯೇ ಎಂದು ಪರೀಕ್ಷಿಸಿ. ಕಂಪ್ಯೂಟರ್ ಇಲ್ಲದವರು ಚೀಟಿಗಳಲ್ಲಿ ಬರೆದು ನೆಲದ ಮೇಲೆ ಹರಡಿಕೊಂಡರೂ ಸಾಕು. ಸಾಲನ್ನು ಮೇಲಕ್ಕೆ ತರುವ ಕೆಲಸವನ್ನು ಯಂತ್ರ ಹಗುರಗೊಳಿಸಿದೆ. ಯಾವ ಸಾಲು ಮೇಲೆ ಬರಬೇಕೆಂದು ಯೋಚಿಸುವ ಕೆಲಸ ಮಾತ್ರ ನಮಗೇ ಉಳಿದಿದೆ.